ಶ್ರೀಯುತ 11ನೇ ಕಲಮಿನವರಿಗೆ ಬಹಿರಂಗ ಪತ್ರ

ಇವರಿಗೆ,
ಶ್ರೀಯುತ 11ನೇ ಕಲಂ,
ವಿದ್ಯುತ್ ಕಾಯ್ದೆ, 2003

ಸನ್ಮಾನ್ಯರೆ,

ಸಾಷ್ಟಾಂಗ ನಮಸ್ಕಾರ. ಇತ್ತ ಹತ್ತಿಮತ್ತೂರಿನಲ್ಲಿ ಎಲ್ಲರೂ ಕ್ಷೇಮ, ಬೋರಿನ ಮೋಟಾರು ಒಂದನ್ನು ಬಿಟ್ಟು.

2023ರಲ್ಲಿ ಮಳೆ ಕೈಕೊಟ್ಟು ಜಲಾಶಯಗಳು ತುಂಬದೆ ಹೋದಾಗ, ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ ತಮ್ಮನ್ನು ಎಬ್ಬಿಸಿತು. ಈ ನೆಲದಲ್ಲಿ ಹುಟ್ಟಿದ ಕರೆಂಟನ್ನು ಕಂಪನಿಗಳು ಹೊರಗೆ ಮಾರದೆ ರಾಜ್ಯದ ಗ್ರಿಡ್‌ಗೇ ಕೊಡಬೇಕೆಂದು ತಮ್ಮ ಹೆಸರಿನಲ್ಲಿ ಅಪ್ಪಣೆಯಾಯಿತು. ಪಾವಗಡದ ಬಿಸಿಲು ನಮ್ಮದು, ಗದಗಿನ ಗುಡ್ಡದ ಗಾಳಿ ನಮ್ಮದು ಎಂದು ನಾವೂ ಎದೆಯುಬ್ಬಿಸಿದೆವು. ಸ್ಥಳೀಯರಿಗೆ ಪಾಲು ಕೊಡಿಸಲು ದಿಲ್ಲಿಯಲ್ಲಿ ಹುಟ್ಟಿದ ಕಲಮೇ ಬರಬೇಕಾಯಿತೇ ಎಂದು ಕಟ್ಟೆಯ ಮೇಲಿನ ಹಿರಿಯರೊಬ್ಬರು ನಕ್ಕರು. ತಾವು ಮನಸ್ಸಿಗೆ ಹಚ್ಚಿಕೊಳ್ಳಬಾರದು.

ಅಂಜಿಕೆ ಬೇರೆಯದು. ರಾಯಚೂರಿನ ಸ್ಥಾವರಕ್ಕೆ ತೆಲಂಗಾಣದ ಸಿಂಗರೇಣಿಯಿಂದ ಕಲ್ಲಿದ್ದಲು ಬರುತ್ತದೆ. ನಮ್ಮ ನೆಲದ್ದು ನಮಗೇ ಎಂದು ಅವರೂ ಕುಂತರೆ? ಅದೇ ಬರದಲ್ಲಿ ನಾವು ಉತ್ತರ ಪ್ರದೇಶ, ಪಂಜಾಬಿನಿಂದ ಕರೆಂಟು ಕೈಗಡ ತಂದೆವು. ಅವರ ಮನೆಯಲ್ಲಿ ತಾವು ಮಲಗಿದ್ದದ್ದು ನಮ್ಮ ಪುಣ್ಯ.

ಇನ್ನು ಮೂಲ ವಿಷಯ. ನಾಡಿನೊಳಗೆ ಉಳಿದ ಕರೆಂಟು ನಮ್ಮ ಎಲೆಬಳ್ಳಿ ತೋಟದವರೆಗೆ ಬರಲಿಲ್ಲ. ಪಂಪ್‌ಸೆಟ್ಟಿಗೆ ಏಳು ತಾಸು ಎಂದಿದ್ದು ಐದಾಯಿತು. ಬಂದದ್ದೂ ನಡುರಾತ್ರಿ. ಬ್ಯಾಟರಿ ಹಿಡಿದು, ಹಾವು-ಹುಳ ನೋಡುತ್ತ ಹೋಗಿ ಸ್ಟಾರ್ಟರ್ ಒತ್ತಿದರೆ ಆಂಪಿಯರ್ ಮುಳ್ಳು ತುದಿ ಮುಟ್ಟಿ ನಿಂತಿತು. ವೋಲ್ಟೇಜಿನ ಮುಳ್ಳು ಎದ್ದೇಳಲೇ ಇಲ್ಲ. ಪೈಪು ಎತ್ತಿಸಿ, ಸುಟ್ಟ ಮೋಟಾರನ್ನು ಸವಣೂರಿಗೆ ಒಯ್ದು ವೈಂಡಿಂಗ್ ಮಾಡಿಸುವಷ್ಟರಲ್ಲಿ ಬಳ್ಳಿ ಬಾಡಿತ್ತು.

ಆಮೇಲೆ ತಮ್ಮನ್ನು ಪೂರ್ತಿ ಓದಿಸಿ ಕೇಳಿದೆ. ಅಪ್ಪಣೆ ಪಾಲಿಸಿ ಕಂಪನಿಗೆ ನಷ್ಟವಾದರೆ ವಿದ್ಯುತ್ ನಿಯಂತ್ರಣ ಆಯೋಗ ಅದನ್ನು ಸರಿದೂಗಿಸಬಹುದು ಎನ್ನುತ್ತದೆ 2ನೇ ಉಪಕಲಂ. ಭಲೆ! ವೈಂಡಿಂಗ್ ಬಿಲ್ಲಿಗಾಗಿ 3ನೆಯದನ್ನು ಹುಡುಕಿಸಿದೆ. ತಾವು ಎರಡಕ್ಕೇ ಮುಗಿದುಬಿಟ್ಟಿದ್ದೀರಿ.

ಅಸಾಧಾರಣ ಸಂದರ್ಭದಲ್ಲಿ ಮಾತ್ರ ಏಳುವುದು ತಮ್ಮ ವ್ರತವಂತೆ. ಹಾಗಾದರೆ ಸದ್ಯ ನೆಮ್ಮದಿಯಿಂದ ಮಲಗಿರಿ. ಹಗಲು ಹೊತ್ತಿನಲ್ಲಿ, ವೋಲ್ಟೇಜ್ ಸಮೇತ, ಏಳು ತಾಸು ತ್ರೀಫೇಸ್ ಬಂದ ದಿನ ಕಾರ್ಡು ಬರೆಯುತ್ತೇನೆ. ಅದಕ್ಕಿಂತ ಅಸಾಧಾರಣವಾದದ್ದು ಹತ್ತಿಮತ್ತೂರಿನಲ್ಲಿ ಬೇರೆ ನಡೆಯಲಾರದು.

ಇಂತಿ ತಮ್ಮ ವಿಧೇಯ,
ಸ್ಥಳೀಯ ರೈತ