ವಾರ್ಷಿಕೋತ್ಸವ ಸಮಿತಿಗೊಂದು ಬಹಿರಂಗ ಅಭಿನಂದನಾ ಪತ್ರ

ಮಾಟುಂಗ ಮತ್ತು ಆಸುಪಾಸಿನ ಪ್ರಾಥಮಿಕ ಶಾಲೆಗಳ ವಾರ್ಷಿಕೋತ್ಸವ ಸಮಿತಿಗಳ ಸನ್ಮಾನ್ಯ ಅಧ್ಯಕ್ಷರು, ಕಾರ್ಯದರ್ಶಿಗಳು, ಹಾಗೂ ಮೊದಲ ಸಾಲಿನಲ್ಲಿ ಮೊಬೈಲು ಎತ್ತಿ ಹಿಡಿಯುವ ಸಮಸ್ತ ಪೋಷಕರಿಗೆ,

ಮಾನ್ಯರೇ,

ಏಳೆಂಟು ವರ್ಷದ ಮಕ್ಕಳ ಬಾಯಲ್ಲಿ ತಾನಾಗಿ ಹುಟ್ಟುವ ಹಾಡನ್ನು ಸದ್ದುಗದ್ದಲವಿಲ್ಲದೆ ಅಡಗಿಸಿದ್ದಕ್ಕಾಗಿ ಮೊದಲು ನಿಮಗೆ ಅಭಿನಂದನೆ. ಬೇರೆ ಊರಿನಲ್ಲಾದರೆ ಇದು ದೊಡ್ಡ ಸಾಧನೆಯಲ್ಲ. ಮಾಟುಂಗದಲ್ಲಿ ಹಾಗಲ್ಲ. ಇಲ್ಲಿ 1926ರಿಂದ ಮೈಸೂರು ಅಸೋಸಿಯೇಷನ್ ಇದೆ, 1933ರಿಂದ ಕರ್ನಾಟಕ ಸಂಘ ಇದೆ. ಕಿಂಗ್ಸ್ ಸರ್ಕಲ್ ದಾಟಿದರೆ 1952ರಲ್ಲಿ ಹುಟ್ಟಿದ ಷಣ್ಮುಖಾನಂದ ಸಭಾ, ಅದರ ಎರಡೂವರೆ ಸಾವಿರಕ್ಕೂ ಮಿಕ್ಕಿದ ಕುರ್ಚಿಗಳು. ಪಕ್ಕದ ಸಾಯನ್‌ನ ವಲ್ಲಭ ಸಂಗೀತಾಲಯದಲ್ಲಿ ಬೈಲಹೊಂಗಲದ ಕೆ. ಜಿ. ಗಿಂಡೆಯವರಂಥವರು ಪಾಠ ಹೇಳಿದರು. ದೇವಸ್ಥಾನದ ನಾದಸ್ವರ, ಯಕ್ಷಗಾನದ ಚೆಂಡೆ, ಗಣಪತಿಯ ಢೋಲು, ಮೂರು ಮೂರು ಸ್ಟೇಷನ್ನುಗಳಲ್ಲಿ ಹಳಿಯ ಮೇಲೆ ಲೋಕಲ್ ಹಾಕುವ ತಾಳ, ಇಷ್ಟನ್ನೂ ಕಿವಿಗೆ ಹಾಕಿಕೊಂಡು ಬೆಳೆದ ಮಗು ನಾಲ್ಕನೇ ಕ್ಲಾಸು ಮುಗಿಸುವ ಹೊತ್ತಿಗೆ ತನ್ನದೇ ಆದ ನಾಲ್ಕು ಸ್ವರ ಜೋಡಿಸಲಾರದೆ ಹೊರಬರುತ್ತದೆ ಎಂದರೆ ಅದು ಆಕಸ್ಮಿಕವಾಗಿರಲು ಸಾಧ್ಯವಿಲ್ಲ. ಅದರ ಹಿಂದೆ ಯೋಜನೆ ಇದೆ, ಮೀಟಿಂಗ್ ಇದೆ, ಬಜೆಟ್ ಇದೆ.

ನಿಮ್ಮ ಮುಖ್ಯ ಆಯುಧ ಪೆನ್ ಡ್ರೈವ್. ಮೂವತ್ತು ಮಕ್ಕಳು, ಬಾಡಿಗೆಗೆ ತಂದ ಒಂದೇ ಬಣ್ಣದ ವೇಷ, ಸ್ಪೀಕರಿನಲ್ಲಿ ಯಾರೋ ಎಲ್ಲೋ ಸ್ಟುಡಿಯೋದಲ್ಲಿ ಹಾಡಿಟ್ಟ ಹಾಡು. ಮಕ್ಕಳ ಪಾಲಿಗೆ ಬಂದದ್ದು ತುಟಿ ಆಡಿಸುವ ಕೆಲಸ. ತುಟಿ ತಪ್ಪಿದರೂ ಗೊತ್ತಾಗದು, ಮೈಕು ನಿರೂಪಕಿಯ ಕೈಯಲ್ಲಿರುತ್ತದೆ. ಡಿಸೆಂಬರಿನ ಆ ಮೂರು ನಿಮಿಷಕ್ಕಾಗಿ ಎರಡು ತಿಂಗಳು ಸಂಗೀತದ ಪೀರಿಯಡ್ಡು ಪ್ರಾಕ್ಟೀಸಿಗೆ ಹೋಗುತ್ತದೆ, ಉಳಿದ ತಿಂಗಳುಗಳಲ್ಲಿ ಅದೇ ಪೀರಿಯಡ್ಡು ಗಣಿತಕ್ಕೆ ದಾನವಾಗುತ್ತದೆ. ಕಲೆಯನ್ನು ಹತ್ತನೆಯ ತರಗತಿಯವರೆಗೆ ಕಡ್ಡಾಯ ವಿಷಯವಾಗಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತ್ತು. ಕಲೆಯನ್ನು ಎಲ್ಲ ಪಾಠಗಳೊಳಗೂ ಬೆರೆಸಬೇಕೆಂದು 2020ರ ಶಿಕ್ಷಣ ನೀತಿ ಹೇಳಿತು. ಎರಡನೆಯದನ್ನು ಮಾತ್ರ ನೀವು ಚಾಚೂ ತಪ್ಪದೆ ಪಾಲಿಸಿದ್ದೀರಿ. ಸಂಗೀತ ಗಣಿತದೊಳಗೆ ಎಷ್ಟು ಚೆನ್ನಾಗಿ ಬೆರೆತುಹೋಗಿದೆಯೆಂದರೆ, ಹುಡುಕಿದರೂ ಸಿಗುವುದಿಲ್ಲ.

ಇದರಿಂದ ಹೇಗೋ ತಪ್ಪಿಸಿಕೊಂಡ ಮಗುವನ್ನು ಸಂಜೆ ಹಿಡಿದು ಹಾಕಲು ಪರೀಕ್ಷೆಗಳಿವೆ. ಪ್ರಾರಂಭಿಕ, ಪ್ರವೇಶಿಕಾ, ಮಧ್ಯಮಾ, ವಿಶಾರದ. ಪಂಡಿತ ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದದ್ದು ಸಂಗೀತವನ್ನು ಜನಸಾಮಾನ್ಯರ ಕೈಗೆಟುಕಿಸಲು. ಪರೀಕ್ಷೆಯೂ ಆ ಏರ್ಪಾಡಿನ ಒಂದು ಮೆಟ್ಟಿಲು, ಅದರ ತಪ್ಪೇನಿಲ್ಲ. ಮಹಾರಾಷ್ಟ್ರದಲ್ಲಿ ಶಾಸ್ತ್ರೀಯ ಸಂಗೀತದ ನಿಗದಿತ ಪರೀಕ್ಷೆ ಪಾಸಾದವರಿಗೆ ಹತ್ತನೆಯ ಬೋರ್ಡಿನಲ್ಲಿ ಹೆಚ್ಚುವರಿ ಅಂಕ ಸಿಗುತ್ತದೆ, ಅದೂ ಒಳ್ಳೆಯದೇ. ಆದರೆ ಆರು ವರ್ಷದ ಮಗುವನ್ನು ಹಾರ್ಮೋನಿಯಂ ಮುಂದೆ ಕೂರಿಸುವಾಗಲೇ ಹದಿನಾರನೆಯ ವರ್ಷದ ಮಾರ್ಕ್ಸ್ ಕಾರ್ಡು ಕಣ್ಣಮುಂದೆ ಬರುವ ನಿಮ್ಮ ದೂರದೃಷ್ಟಿಗೆ ಯಾವ ಜ್ಯೋತಿಷಿಯಾದರೂ ತಲೆಬಾಗಬೇಕು.

ನನ್ನದು ಒಂದೇ ತಕರಾರು. ನೀವು ಇದನ್ನೆಲ್ಲ ನಮ್ಮ ಸಂಪ್ರದಾಯದ ಹೆಸರಿನಲ್ಲಿ ಮಾಡುತ್ತಿದ್ದೀರಿ, ಸಂಪ್ರದಾಯವೋ ನಿಮ್ಮ ಪರವಾಗಿಲ್ಲ. ಕರ್ನಾಟಕ ಸಂಗೀತಕ್ಕೆ ಎರಡು ಭಾಗ: ಮೊದಲೇ ಕಟ್ಟಿಟ್ಟ ಕಲ್ಪಿತ, ಹಾಡುತ್ತಲೇ ಹುಟ್ಟುವ ಮನೋಧರ್ಮ. ಕೃತಿಯನ್ನು ಚಾಚೂ ತಪ್ಪದೆ ಹಾಡಿದವರಿಗೆ ಸಭೆ ಚಪ್ಪಾಳೆ ತಟ್ಟುತ್ತದೆ. ಆದರೆ ಹಾಡುಗಾರರ ತೂಕ ಗೊತ್ತಾಗುವುದು ಆಲಾಪನೆಯಲ್ಲಿ, ನೆರವಲಿನಲ್ಲಿ, ಕಲ್ಪನಾ ಸ್ವರದಲ್ಲಿ, ಅಂದರೆ ಆ ಕ್ಷಣಕ್ಕೆ ತಾವೇ ಹುಟ್ಟಿಸಿದ್ದರಲ್ಲಿ. ಹಿಂದೂಸ್ತಾನಿಯಲ್ಲಂತೂ ಪುಟ್ಟ ಬಂದಿಶನ್ನು ಹಿಡಿದು ಒಂದು ಗಂಟೆ ಬೆಳೆಸಿದರೇ ಗಾಯಕ. ಪಾಠಕ್ರಮವೂ ಅದೇ ಕಡೆಗೆ ಬೆರಳು ಮಾಡುತ್ತದೆ. ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ನಂಬುವ ಸರಳೆ ವರಸೆ, ಜಂಟಿ ವರಸೆ, ಅಲಂಕಾರಗಳನ್ನು ಒಮ್ಮೆ ಬಿಡಿಸಿ ನೋಡಿ. ಅದೇ ಏಳು ಸ್ವರಗಳನ್ನು ತಿರುಗಿಸಿ, ಜೋಡಿಸಿ, ಒಂದೊಂದೇ ಬಿಟ್ಟು ಹಿಡಿದು, ಏಳು ತಾಳಗಳಿಗೆ ಅಳತೆ ಮಾಡಿ ಕೂರಿಸಿದ ಕ್ರಮ ಅದು. ಆ ಕ್ರಮ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಲೆಕ್ಕ ಬೇಕೇ? ಸ, ರಿ, ಗ ಎಂಬ ಮೂರೇ ಸ್ವರಗಳನ್ನು ಆದಿತಾಳದ ಎಂಟು ಅಕ್ಷರಗಳಲ್ಲಿ, ಅಕ್ಷರಕ್ಕೊಂದರಂತೆ ಕೂರಿಸಿದರೆ 6,561 ಬಗೆ. ಇಡೀ ಶಾಲೆಯ ಪ್ರತಿ ಮಗುವಿಗೂ ಬೇರೆ ಬೇರೆ ಹಂಚಿದರೂ ಗೋಣಿಗಟ್ಟಲೆ ಉಳಿಯುತ್ತದೆ. ಗಣಿತಕ್ಕೆ ಪೀರಿಯಡ್ಡು ಕೊಟ್ಟವರು ಈ ಗಣಿತವನ್ನಾದರೂ ಮಾಡಬಹುದಿತ್ತು.

‘ಮೊದಲು ಅಡಿಪಾಯ ಗಟ್ಟಿಯಾಗಲಿ, ಕಲ್ಪನೆ ಆಮೇಲೆ’ ಎಂದು ನೀವು ಹೇಳುವುದು ಗೊತ್ತು. ಇದನ್ನು ತಳ್ಳಿಹಾಕುವಂತಿಲ್ಲ. ಶ್ರುತಿ ನಿಲ್ಲದ, ಲಯ ಹಿಡಿಯದ ಮಗುವಿಗೆ ‘ನಿನಗೆ ತೋಚಿದ್ದು ಹಾಡು’ ಎಂದರೆ ಹೊರಬರುವುದು ಕಿರುಚಾಟವೇ. ವರಸೆಯನ್ನು ಮೂರು ಕಾಲದಲ್ಲಿ ತಿದ್ದುವ ಗುರುವಿಗೆ ಬದಲಿಯಿಲ್ಲ. ಆದರೆ ಅದೇ ಶಾಲೆಯಲ್ಲಿ ಎರಡನೇ ಕ್ಲಾಸಿನ ಮಗುವಿಗೆ ‘ನನ್ನ ನಾಯಿ’ ಎಂದು ಐದು ವಾಕ್ಯ ಸ್ವಂತವಾಗಿ ಬರೆದುಕೊಂಡು ಬಾ ಎನ್ನುತ್ತೀರಿ. ಮೊದಲು ಕೇಶಿರಾಜನ ಶಬ್ದಮಣಿದರ್ಪಣ ಮುಗಿಸಲಿ, ನಾಯಿ ಆಮೇಲೆ ಬರಲಿ ಎಂದವರನ್ನು ಕಂಡಿಲ್ಲ. ಬರವಣಿಗೆಯಲ್ಲಿ ಅಡಿಪಾಯ ಮತ್ತು ಕಲ್ಪನೆ ಜೊತೆಜೊತೆಯಾಗಿ ನಡೆಯುವುದಾದರೆ ಸಂಗೀತದಲ್ಲಿ ಒಂದು ಇನ್ನೊಂದಕ್ಕಾಗಿ ಹತ್ತು ವರ್ಷ ಬಾಗಿಲ ಹೊರಗೆ ಕಾಯಬೇಕೇಕೆ? ಕಾದದ್ದರ ಫಲವೂ ಎದುರಿಗಿದೆ. ನೂರು ಕೃತಿ ಬಾಯಿಪಾಠವಿದ್ದು, ‘ಇದೇ ರಾಗದಲ್ಲಿ ಎರಡಾವರ್ತ ಸ್ವರ ಹಾಕಮ್ಮಾ’ ಎಂದೊಡನೆ ಟೀಚರಿನ ಮುಖ ನೋಡುವ ಮಕ್ಕಳು.

ಬೇಕಾದದ್ದು ಪೀರಿಯಡ್ಡಿನ ಕೊನೆಯ ಐದು ನಿಮಿಷ. ತಂಬೂರಿ ಬೇಡ, ಮೊಬೈಲಿನ ಶ್ರುತಿ ಸಾಕು. ಟೀಚರು ಆದಿತಾಳ ಹಾಕುತ್ತಾರೆ: ತೊಡೆಯ ಮೇಲೆ ಒಂದು ಪೆಟ್ಟು, ಕಿರುಬೆರಳಿನಿಂದ ಮೂರು ಎಣಿಕೆ, ಆಮೇಲೆ ಪೆಟ್ಟು, ಹುಸಿ, ಪೆಟ್ಟು, ಹುಸಿ. ಮೊದಲ ನಾಲ್ಕು ಅಕ್ಷರ ಅವರದು, ಮುಂದಿನ ನಾಲ್ಕು ಮಗುವಿನದು. ಮೊದಲ ವಾರ ‘ಸ’ದಲ್ಲೇ ಮುಗಿಸಬೇಕು ಎಂಬುದೊಂದೇ ನಿಯಮ. ಮುಂದಿನ ವಾರ ‘ರಿ’ಯಲ್ಲಿ ಮುಗಿಸಿ ನೋಡಲಿ. ಹಾಡು ಮುಗಿದಂತಾಗಲಿಲ್ಲ, ಇನ್ನೂ ಏನೋ ಬರಬೇಕು ಎಂದು ಎಂಟು ವರ್ಷದ ಕಿವಿಯೇ ಹೇಳುತ್ತದೆ. ನ್ಯಾಸಸ್ವರದ, ಅಂದರೆ ಹಾಡು ಬಂದು ನಿಲ್ಲುವ ಸ್ವರದ, ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರವೇಶ ಯಾವ ಗೈಡಿನಲ್ಲಿದೆ? ಆಮೇಲೆ ಮೋಹನ ರಾಗದ ಐದು ಸ್ವರ ಕೊಡಿ. ಅದರಲ್ಲಿ ಎಲ್ಲಿಗೆ ಜಿಗಿದರೂ ಕಿವಿಗೆ ಚುಚ್ಚುವುದು ಅಪರೂಪ. ಜರ್ಮನಿಯ ಕಾರ್ಲ್ ಓರ್ಫ್ 1950ರ ದಶಕದಲ್ಲಿ ಮಕ್ಕಳ ಸಂಗೀತದ ಐದು ಸಂಪುಟ ತಂದಾಗ ಐದು ಸ್ವರಗಳ ಇಂಥ ಶ್ರೇಣಿಯಿಂದಲೇ ಹೊರಟರು. ಬೇಡದ ಸ್ವರದ ಪಟ್ಟಿಯನ್ನೇ ಕಳಚಿಡಬಹುದಾದ ಮರದ ವಾದ್ಯಗಳನ್ನು ಬಳಸಿದರು. ವಿದೇಶದಿಂದ ಬಂದರೆ ಮಾತ್ರ ನೀವು ಒಪ್ಪುವಿರೆಂದು ಈ ಹೆಸರು ಹೇಳಿದೆ.

ವಿದೇಶದಿಂದ ಬಂದ ಇನ್ನೊಂದನ್ನು ನೀವು ಆಗಲೇ ಒಪ್ಪಿಯಾಗಿದೆ: ಸಂಗೀತ ಕೇಳಿದರೆ ಮೆದುಳು ಚುರುಕಾಗುತ್ತದೆ, ಗಣಿತ ಬರುತ್ತದೆ ಎಂಬುದು. ಇದರ ಮೂಲ 1993ರ ಒಂದು ಪುಟ್ಟ ಪ್ರಯೋಗ. ಮೊಜಾರ್ಟ್ ಕೇಳಿದ ಕಾಲೇಜು ವಿದ್ಯಾರ್ಥಿಗಳು ಆಕಾರಗಳ ಒಂದು ಪರೀಕ್ಷೆಯಲ್ಲಿ ಸ್ವಲ್ಪ ಮುಂದಿದ್ದರು, ಅದೂ ಹತ್ತು ಹದಿನೈದು ನಿಮಿಷದ ಮಟ್ಟಿಗೆ. ಇಷ್ಟರಿಂದಲೇ 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರರು ಹುಟ್ಟಿದ ಮಗುವಿಗೆಲ್ಲ ಸಂಗೀತದ ಸಿ.ಡಿ. ಹಂಚಲು ಹೊರಟರು. ಕೂಸುಗಳ ಮೇಲೆ ಪ್ರಯೋಗ ನಡೆದೇ ಇರಲಿಲ್ಲ. ಕೆನಡಾದ ಗ್ಲೆನ್ ಶೆಲೆನ್‌ಬರ್ಗ್ 2004ರಲ್ಲಿ ಆರು ವರ್ಷದ 144 ಮಕ್ಕಳನ್ನು ನೋಡಿ, ವರ್ಷವಿಡೀ ಸಂಗೀತ ಕಲಿತವರ ಐ.ಕ್ಯೂ. ಉಳಿದವರಿಗಿಂತ ಹೆಚ್ಚಿದ್ದು ಮೂರಂಕಕ್ಕೂ ಕಡಿಮೆ ಎಂದು ಕಂಡರು. ಗಣಿತ ಬರಬೇಕಿದ್ದರೆ ಗಣಿತ ಕಲಿಸುವುದೇ ಅಗ್ಗ. ಸಂಗೀತವನ್ನು ಇನ್ನೊಂದು ವಿಷಯದ ಟಾನಿಕ್ಕಾಗಿ ಮಾರುವವರು ಮಗು ಸ್ವಂತ ಕಟ್ಟಿದ ನಾಲ್ಕು ಸ್ವರವನ್ನು ಏಕೆ ಕೇಳಿಯಾರು?

‘ಐವತ್ತು ಮಕ್ಕಳು, ಗಲಾಟೆ, ಸಂಗೀತದ ಟೀಚರೇ ಇಲ್ಲ’ ಎನ್ನುವುದು ನಿಜವಾದ ಅಡಚಣೆ, ಅದರಲ್ಲೂ ಎಂಟು ಭಾಷೆಗಳಲ್ಲಿ ಶಾಲೆ ನಡೆಸುವ ಮಹಾನಗರಪಾಲಿಕೆಯ ಊರಿನಲ್ಲಿ. ಆದರೆ ಪಂಜೆ ಮಂಗೇಶರಾಯರು ಸಂಗೀತದ ಪದವಿ ಪಡೆದವರಲ್ಲ. ಶಾಲಾ ತನಿಖೆಯ ಕೆಲಸದಲ್ಲಿದ್ದುಕೊಂಡೇ ಮಕ್ಕಳಿಗೆ ಹಾಡು ಕಟ್ಟಿದರು. ಗಲಾಟೆ ಈಗಲೂ ಇದೆ. ಹಿಂದಿನ ಬೆಂಚಿನಲ್ಲಿ ಕಂಪಾಸ್ ಬಾಕ್ಸಿನ ಮೇಲೆ ಬೆರಳು ಬಾರಿಸಿಕೊಂಡು, ಸಿನಿಮಾ ಹಾಡಿಗೆ ಟೀಚರಿನ ಹೆಸರು ಸೇರಿಸಿ ಅಣಕ ಕಟ್ಟುವ ಹುಡುಗ ಆ ಕ್ಲಾಸಿನ ಒಬ್ಬನೇ ವಾಗ್ಗೇಯಕಾರ. ಅವನನ್ನು ನೀವು ಹೊರಗೆ ನಿಲ್ಲಿಸುತ್ತೀರಿ. ಮುತ್ತುಸ್ವಾಮಿ ದೀಕ್ಷಿತರು ಬ್ರಿಟಿಷರ ಬ್ಯಾಂಡಿನ ಮಟ್ಟುಗಳನ್ನು ಕೇಳಿ ಅವಕ್ಕೆ ಸಂಸ್ಕೃತ ಸಾಹಿತ್ಯ ಹಾಕಿದರು, ನೊಟ್ಟುಸ್ವರ ಎಂದು ಇಂದಿಗೂ ಮಕ್ಕಳಿಗೆ ಕಲಿಸುತ್ತಾರೆ. ಅವರನ್ನು ಕಾರಿಡಾರಿನಲ್ಲಿ ನಿಲ್ಲಿಸುವ ಸಮಿತಿ ಆಗ ಇರಲಿಲ್ಲ ಎಂಬುದು ನಮ್ಮ ಪುಣ್ಯ.

ಆದ್ದರಿಂದ ಈ ವರ್ಷದ ಕಾರ್ಯಕ್ರಮಕ್ಕೆ ನನ್ನದೊಂದು ನಮ್ರ ಸಲಹೆ. ವೇಷ ಇರಲಿ, ಟ್ರ್ಯಾಕ್ ಇರಲಿ, ಮುಖ್ಯ ಅತಿಥಿಗಳಿಗೆ ಶಾಲು, ಹಾರ, ಫಲತಾಂಬೂಲ ಎಲ್ಲ ಇರಲಿ. ಸನ್ಮಾನದ ನಡುವೆ ಮೂರನೇ ಕ್ಲಾಸಿನ ಒಂದು ಮಗುವಿಗೆ ಮೈಕು ಕೊಡಿ. ಅದು ತಾಳ ಹಾಕಿ ಸ, ರಿ, ಗಗಳಲ್ಲಿ ನಾಲ್ಕು ಅಕ್ಷರ ಹಾಡಲಿ. ಉಳಿದ ನಾಲ್ಕನ್ನು ಅತಿಥಿಗಳು ಅಲ್ಲೇ ಹುಟ್ಟಿಸಿ, ತಾಳ ತಪ್ಪದಂತೆ ‘ಸ’ಕ್ಕೆ ಬಂದು ಮುಟ್ಟಲಿ. ಅವರು ಒಪ್ಪದಿದ್ದರೆ ಸಮಿತಿಯ ಅಧ್ಯಕ್ಷರೇ ಮುಂದೆ ಬರಬಹುದು. ಪೆನ್ ಡ್ರೈವ್ ಮಾತ್ರ ಆ ಹೊತ್ತು ಮಗುವಿನ ಜೇಬಿನಲ್ಲಿರಲಿ.

ಇತಿ,
ಕೊನೆಯ ಸಾಲಿನ ಪ್ಲಾಸ್ಟಿಕ್ ಕುರ್ಚಿಯಿಂದ,
ನಿಮ್ಮ ವಿಧೇಯ ಪ್ರೇಕ್ಷಕ