ಚಲದ್ವಾಹನ ಗ್ರಹಣ ಮೀಮಾಂಸೆ: ಸಿಟಿ ಬಸ್ಸಿನ ಒಂದು ತಾತ್ವಿಕ ಸಂಕಥನ

ಓಡುವ ಬಸ್ಸನ್ನು ಹಿಡಿಯುವ ನಾಗರಿಕ ವಿದ್ಯಮಾನವನ್ನು ಕಾಲ, ದೇಶ, ಕಂಬಿ ಎಂಬ ತ್ರಿವಿಧ ನೆಲೆಗಳಲ್ಲಿ ನಿರ್ವಚಿಸುವುದು ಪ್ರಸ್ತುತ ಪ್ರಬಂಧದ ವಿನಮ್ರ ಆಶಯ. ಕ್ಷೇತ್ರಕಾರ್ಯ ನಡೆದದ್ದು ಗಾಂಧಿ ಬಜಾರ್, ಚಾಮರಾಜಪೇಟೆಯ ಉಮಾ ಟಾಕೀಸ್ ಹಾಗೂ ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ. ವಿಚಾರ ಸಂಕಿರಣಗಳಿಗೆ ವಿದ್ವಾಂಸರು ಕಾರಿನಲ್ಲಿ ಬರುವುದರಿಂದ ಈ ಆಯಾಮ ಇದುವರೆಗೆ ಅಲಕ್ಷಿತವಾಗಿತ್ತು.

ಮೊದಲಿಗೆ ಪೂರ್ವಸೂರಿಗಳು. ಮೇಲೆ ಹಾರಿದ ಚೆಂಡು ಹಿಡಿಯುವವನ ಕಣ್ಣಿಗೆ ಹೇಗೆ ಏರುತ್ತ ಕಾಣುತ್ತದೆಂದು 1968ರಲ್ಲಿ ಸೆವಿಲ್ ಚಾಪ್‌ಮನ್ ಲೆಕ್ಕ ಹಾಕಿದ. ಎದುರು ಬರುವ ವಸ್ತುವಿನ ದೂರ, ವೇಗ ಗೊತ್ತಿಲ್ಲದಿದ್ದರೂ ಸರಿ, ಅದು ಕಣ್ಣಲ್ಲಿ ಎಷ್ಟು ಬೇಗ ದೊಡ್ಡದಾಗುತ್ತಿದೆ ಎಂಬುದರಿಂದಲೇ ತಾಗುವ ಹೊತ್ತನ್ನು ಅರಿಯಬಹುದೆಂದು 1976ರಲ್ಲಿ ಡೇವಿಡ್ ಲೀ ವಾದಿಸಿದ. ಕಣ್ಣು ಕಂಡದ್ದಕ್ಕೆ ಕೈ ಸ್ಪಂದಿಸಲು ಸೆಕೆಂಡಿನ ಹತ್ತನೇ ಒಂದೆರಡು ಭಾಗ ಬೇಕು. ಅಷ್ಟರಲ್ಲೇ ನಮ್ಮೂರಿನ ರಾಹುಲ್ ದ್ರಾವಿಡ್, ಹೆಚ್ಚಾಗಿ ಸ್ಲಿಪ್ಪಿನಲ್ಲಿ ನಿಂತು, 164 ಟೆಸ್ಟುಗಳಲ್ಲಿ 210 ಕ್ಯಾಚ್ ಹಿಡಿದರು.

ಆದರೆ ದ್ರಾವಿಡರಿಗೆ ಒಂದು ಸೌಕರ್ಯವಿತ್ತು. ಬ್ಯಾಟಿಗೆ ತಾಗಿದ ಚೆಂಡು ಗುರುತ್ವಾಕರ್ಷಣೆಯ ಮಾತು ಕೇಳುತ್ತದೆ. ಬಸ್ಸು ಯಾರ ಮಾತನ್ನೂ ಕೇಳುವುದಿಲ್ಲ.

ಗ್ರಾಹಕರಲ್ಲಿ ನಾಲ್ಕು ವರ್ಗ. ಸ್ಟಾಪಿನ ಬೋರ್ಡನ್ನು ನಂಬಿ ಅದರಡಿಯೇ ನಿಲ್ಲುವವನು 'ಸ್ಥಾಣು'. ಬಸ್ಸು ಮುಂದೆ ಹೋಗಿಯೇ ನಿಲ್ಲುವುದೆಂದು ತಿಳಿದು ಮೂವತ್ತಡಿ ಆಚೆ ನಿಲ್ಲುವವನು 'ಊಹಕ'. ಅವನಿದ್ದ ದಿನ ಅದು ಹಿಂದೆಯೇ ನಿಲ್ಲುತ್ತದೆ. 'ಧಾವಕ'ನನ್ನು ಹತ್ತಿರದಿಂದ ನೋಡಬೇಕು. ಬ್ಯಾಗನ್ನು ಬೆನ್ನಿಗೆಳೆದ ಕಾಲೇಜು ಹುಡುಗ ಬಸ್ಸಿನ ದಿಕ್ಕಿಗೇ ಓಡುತ್ತಾನೆ. ಅವನ ವೇಗವೂ ಅದರ ವೇಗವೂ ಒಂದಾದ ಕ್ಷಣಕ್ಕೆ ಬಾಗಿಲು ಅವನ ಪಾಲಿಗೆ ನಿಂತೇಬಿಡುತ್ತದೆ. ಬಲಗೈ ಕಂಬಿಗೆ, ಕಾಲು ಮೆಟ್ಟಿಲಿಗೆ. "ಒಳಗ್ ಬಾರಯ್ಯ, ಸಾಯ್ಬೇಕಾ?" ಎನ್ನುತ್ತಾನೆ ಕಂಡಕ್ಟರ್. ಸಾಪೇಕ್ಷ ವೇಗದ ಪಾಠ ಇಷ್ಟೇ, ಪರೀಕ್ಷೆ ಮಾತ್ರ ಒಂದೇ ಸಲ.

ನಾಲ್ಕನೇ ವರ್ಗಕ್ಕೆ 'ಲಂಬಮಾನ' ಎಂದು ಹೆಸರಿಟ್ಟಾಗಿತ್ತು, ಉಪವರ್ಗಗಳೂ ಇದ್ದವು. ಬೇಡ ಬಿಡಿ. ಎಂಟನೇ ಕ್ರಾಸಿನಲ್ಲಿ ಒಬ್ಬ ಅಜ್ಜಿ ನಿಂತಿದ್ದರು, ಯಾವ ವರ್ಗಕ್ಕೂ ಸೇರದವರು. ಒಂದು ಕೈಯಲ್ಲಿ ಅವರೆಕಾಯಿಯ ಚೀಲ, ಇನ್ನೊಂದರಲ್ಲಿ ಸೆರಗು. ಬಸ್ಸು ಸ್ಟಾಪ್ ದಾಟಿ ರಸ್ತೆಯ ನಡುವೆ ನಿಧಾನಿಸಿತು. ಅವರು ಎರಡು ಸ್ಕೂಟರ್ ತಪ್ಪಿಸಿಕೊಂಡು ಹೋಗಿ ಬಾಗಿಲಿಗೆ ಕೈ ಚಾಚುವಷ್ಟರಲ್ಲಿ "ರೈಟ್ ರೈಟ್" ಕೇಳಿತು. ಎಪ್ಪತ್ತು ದಾಟಿದ ಮಂಡಿಗೆ ಯಾವ ಲೀ, ಯಾವ ಚಾಪ್‌ಮನ್ ಸೂತ್ರ ಬರೆದಿದ್ದಾನೆ? 2023ರ ಜೂನ್ 11ರಿಂದ ಹೆಂಗಸರಿಗೆ ಪ್ರಯಾಣ ಉಚಿತ. ಹೆಂಗಸರೇ ನಿಂತಿರುವ ಸ್ಟಾಪಿನಲ್ಲಿ ಬಸ್ಸು ನಿಲ್ಲುವುದಿಲ್ಲವೆಂಬ ದೂರೂ ಅಂದಿನಿಂದ ಕೇಳಿಬರುತ್ತಿದೆ. ಟಿಕೆಟ್ಟಿಗೆ ದುಡ್ಡು ಬೇಡ, ಬಸ್ಸು ಹಿಡಿಯಲು ಮಾತ್ರ ಓಟಗಾರ್ತಿಯಾಗಿರಬೇಕು!

ಇಲ್ಲಿ ಪ್ರಬಂಧದ ಶೈಲಿ ಕೆಟ್ಟಿದೆ, ಕೆಡಲಿ. ಸಂಪಿಗೆ ರಸ್ತೆ ನಿಲ್ದಾಣಕ್ಕೆ 2014ರಲ್ಲಿ, ನ್ಯಾಷನಲ್ ಕಾಲೇಜಿಗೆ 2017ರಲ್ಲಿ ಮೆಟ್ರೋ ಬಂತು. ಆ ರೈಲು ನಿಲ್ಲಬೇಕಾದಲ್ಲೇ ನಿಲ್ಲುತ್ತದೆ, ಬಾಗಿಲು ಮುಚ್ಚಿಯೇ ಹೊರಡುತ್ತದೆ. ಅಲ್ಲಿ ಈ ಶಾಸ್ತ್ರದ ಒಂದಕ್ಷರವೂ ಬೇಕಿಲ್ಲ. ಅಜ್ಜಿಯ ಮನೆ ಹತ್ತಿರ ಮೆಟ್ರೋ ಇಲ್ಲ. ಅವರು ಮುಂದಿನ ಬಸ್ಸಿಗೆ ಇಪ್ಪತ್ತು ನಿಮಿಷ ಕಾದರು, ಅದೂ ನಿಲ್ಲದಿದ್ದಾಗ ಆಟೋದವನ ಜೊತೆ ಚೌಕಾಸಿಗಿಳಿದರು. ಅವನು ಮೀಟರಿನ ಮೇಲೆ ಮೂವತ್ತು ಕೇಳುತ್ತಿದ್ದ.