ಸೈರನ್ ಕೂಗಿದರೆ ಒಳಗೋ, ಹೊರಗೋ?

ವರ್ಷವಿಡೀ ಅಂಗಳದಲ್ಲಿ ಒಣಹಾಕಿದ ಮೀನನ್ನು ನಮ್ಮ ಕಣ್ಣೆದುರೇ ಎತ್ತಿಕೊಂಡು ಹೋಗುವ ಕಾಗೆ, ಪಕ್ಷದ ದಿನ ಮಾತ್ರ ಎಲ್ಲಿಲ್ಲದ ದೊಡ್ಡಸ್ತಿಕೆ ತೋರಿಸುತ್ತದೆ. ಬಾಳೆಲೆಯಲ್ಲಿ ಅನ್ನ, ಪಾಯಸ, ವಡೆ ಇಟ್ಟು ಕೈಮುಗಿದು ಕರೆದರೂ ತೆಂಗಿನಮರದ ತುದಿಯಲ್ಲಿ ಕೂತು ಬೇರೆಲ್ಲೋ ನೋಡುತ್ತಿರುತ್ತದೆ. ಅದು ಮುಟ್ಟುವ ತನಕ ಒಳಗೆ ಯಾರಿಗೂ ಊಟವಿಲ್ಲ. 2023ರ ಅಕ್ಟೋಬರ್ 12ರಂದು, ಮಧ್ಯಾಹ್ನಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ ಎನ್ನುವಾಗ, ಚೆಂಡಿಯಾದ ನಮ್ಮ ಮನೆಯ ಮಾಡಿನ ಮೇಲೆ ಕಡೆಗೂ ಒಂದು ಕಾಗೆ ಇಳಿಯಿತು. ಕತ್ತು ಓರೆ ಮಾಡಿತು. ವಡೆಯ ಕಡೆ ಕುಪ್ಪಳಿಸಿತು. ಅಷ್ಟರಲ್ಲಿ ಜಗಲಿಯ ಮೇಲಿದ್ದ ಫೋನುಗಳೆಲ್ಲ ಒಮ್ಮೆಲೇ ಚೀರಿಕೊಂಡವು. ಕಾಗೆ ಅಮದಳ್ಳಿ ದಿಕ್ಕಿಗೆ ಹಾರಿತು.

ಒಂದು ಫೋನಿನ ಬಾಯಿ ಮುಚ್ಚಿಸುವಷ್ಟರಲ್ಲಿ ಇನ್ನೊಂದು ಶುರು. ನನ್ನದು ಅಡಗಿತು ಎನ್ನುವಾಗ ಮಡಗಾಂವಿನಿಂದ ಬಂದಿದ್ದ ಭಾವನ ಜೇಬಿನಲ್ಲಿ ಸಣ್ಣದೊಂದು ಆಂಬುಲೆನ್ಸ್ ಎದ್ದು ಕೂತಿತು. ಕನ್ನಡಕ ಹುಡುಕಿ ಓದಿದರೆ, ಇದು ಬರೀ ಪರೀಕ್ಷೆ, ನೀವೇನೂ ಮಾಡಬೇಕಾಗಿಲ್ಲ ಎಂಬ ಒಕ್ಕಣೆ. ಏನೂ ಮಾಡಬೇಕಾಗಿಲ್ಲದ್ದಕ್ಕೆ ಇಷ್ಟು ಗಲಾಟೆಯೇ ಎಂದು ನಾವು ಮುಖ ಮುಖ ನೋಡಿಕೊಂಡೆವು. ಆಯಿ ಮಾತ್ರ ತಣ್ಣಗೆ ತೀರ್ಪು ಕೊಟ್ಟಳು: ‘ನಿನ್ನ ಅಪ್ಪಂಗೆ ಫೋನಂದ್ರೆ ಮೊದಲಿಂದ್ಲೂ ಆಗ್ತಿರ್ಲಿಲ್ಲ ಮಾರಾಯ.’ ಊಟ ಆಗುವಾಗ ಎರಡು ಗಂಟೆ ದಾಟಿತ್ತು.

ಅವತ್ತು ಕೂಗಿದ್ದು ನಮ್ಮ ಮನೆಯ ಫೋನು ಮಾತ್ರವಲ್ಲ, ಇಡೀ ಕರ್ನಾಟಕದ್ದು. ಕೇಂದ್ರದ ದೂರಸಂಪರ್ಕ ಇಲಾಖೆ ಮತ್ತು ವಿಪತ್ತು ನಿರ್ವಹಣಾ ಪ್ರಾಧಿಕಾರದವರು ರಾಜ್ಯ ರಾಜ್ಯವಾಗಿ ನಡೆಸುತ್ತ ಬಂದ ಪರೀಕ್ಷೆ ಅವತ್ತು ನಮ್ಮ ಸರದಿಗೆ ಬಂದಿತ್ತು. ಸೆಲ್ ಬ್ರಾಡ್‌ಕಾಸ್ಟ್ ಎಂಬ ಈ ಏರ್ಪಾಟನ್ನು ಇಲ್ಲಿ ಕೂರಿಸಿದ್ದು ಸಿ-ಡಾಟ್ ಸಂಸ್ಥೆ. ಮಾಮೂಲಿ ಎಸ್ಸೆಮ್ಮೆಸ್ಸು ನಂಬರು ಹುಡುಕಿಕೊಂಡು ಒಬ್ಬೊಬ್ಬರ ಬಳಿ ಹೋಗುತ್ತದೆ, ಅಕ್ಷತೆ ಹಿಡಿದು ಮನೆಮನೆಗೆ ಮದುವೆ ಹೇಳಲು ಹೊರಟವರ ಹಾಗೆ. ಹತ್ತು ಸಾವಿರ ಮನೆ ಹೇಳಿ ಮುಗಿಸುವಷ್ಟರಲ್ಲಿ ಮದುವೆಯೇ ಮುಗಿದಿರುತ್ತದೆ. ಸೆಲ್ ಬ್ರಾಡ್‌ಕಾಸ್ಟಿಗೆ ನಂಬರೇ ಬೇಡ. ಆರಿಸಿದ ಟವರುಗಳಿಂದ ಒಂದೇ ಸಲಕ್ಕೆ ಕೂಗುತ್ತದೆ. ಆ ಟವರಿನ ಕೆಳಗೆ ಆ ಗಳಿಗೆ ಯಾರಿದ್ದಾರೋ, ಊರವರಾಗಲಿ ನೆಂಟರಾಗಲಿ, ಎಲ್ಲರಿಗೂ ಕೇಳುತ್ತದೆ. ಗೋವಾದ ಸಿಮ್ ಇಟ್ಟುಕೊಂಡ ಭಾವನೂ ಬೆಚ್ಚಿದ್ದು ಅದಕ್ಕೇ. ಎಲ್ಲರೂ ಒಟ್ಟಿಗೆ ಫೋನಿಗೆ ಬಿದ್ದು ಲೈನು ಕಟ್ಟಿಕೊಂಡಾಗಲೂ ಇದು ತಲುಪುತ್ತದಂತೆ, ಅದೇ ದೊಡ್ಡ ಗುಣ.

ಕೂಗದೆ ಉಳಿದದ್ದು ಆಯಿಯ ಹಳೇ ಕೀಪ್ಯಾಡ್ ಫೋನು ಒಂದೇ. ಮನೆಯಲ್ಲಿ ಹಗಲೆಲ್ಲ ಒಬ್ಬಳೇ ಇರುವವಳು ಅವಳು. ನೀರು ಬಂದರೂ ಗಾಳಿ ಬಂದರೂ ಮೊದಲು ಗೊತ್ತಾಗಬೇಕಾದ್ದು ಅವಳಿಗೆ.

ಇಷ್ಟೆಲ್ಲ ಎಚ್ಚರಿಕೆ ಈ ಮೂಲೆಯ ಹಳ್ಳಿಗೆ ಯಾಕೆ ಎನ್ನುವವರಿಗೆ ನಮ್ಮ ಊರಿನ ದಿಕ್ಕುದೆಸೆ ಹೇಳಬೇಕು. ಕಾರವಾರದಿಂದ ಅಂಕೋಲೆಗೆ ಹೋಗುವ ದಾರಿಯಲ್ಲಿ ಬಿಣಗಾ, ಅರ್ಗಾ ದಾಟಿದರೆ ಚೆಂಡಿಯಾ. ಬೆನ್ನಿಗೆ ನಾಗರಮಡಿ ಜಲಪಾತದ ಕಾಡು, ಗುಡ್ಡ. ಎದುರಿಗೆ ಸಮುದ್ರ. ನಡುವೆ ಹೆದ್ದಾರಿ 66, ಮತ್ತು 2005ರಲ್ಲಿ ಐಎನ್‌ಎಸ್ ಕದಂಬ ಎಂದು ಹೆಸರಾದರೂ ನಾವು ಇವತ್ತಿಗೂ ಸೀಬರ್ಡ್ ಎಂದೇ ಕರೆಯುವ ನೌಕಾನೆಲೆ. ಬಿಣಗಾದಲ್ಲಿ ಕಾಸ್ಟಿಕ್ ಸೋಡಾ ಕಾರ್ಖಾನೆ, ಅಂದಮೇಲೆ ಕ್ಲೋರಿನ್ ಇದ್ದೇ ಇದೆ. ಗುಡ್ಡದಾಚೆ ಕಾಳಿ ನದಿ, ಅದರ ಮೇಲೆ ಕದ್ರಾ ಅಣೆಕಟ್ಟು, ಅದರ ಹಿನ್ನೀರಿಗೆ ಕೈಗಾದ ಅಣುಸ್ಥಾವರ, 220 ಮೆಗಾವ್ಯಾಟಿನ ನಾಲ್ಕು ಘಟಕ. ಮಳೆ ಜೋರಾದರೆ ಗುಡ್ಡದ ನೀರಿಗೆ ಸಮುದ್ರದ ದಾರಿ ಸಿಗದೆ ಚೆಂಡಿಯಾದಲ್ಲಿ ಹೆದ್ದಾರಿಯ ಮೇಲೇ ನಿಲ್ಲುತ್ತದೆ. ಒಟ್ಟಿನಲ್ಲಿ ಈ ಭಾಗಕ್ಕೆ ದೇವರು ಏನೂ ಕಡಿಮೆ ಮಾಡಿಲ್ಲ. ಹೆದರುವವನು ಯಾವ ಕಡೆ ಮುಖ ಮಾಡಿ ಹೆದರಬೇಕು ಎಂಬುದಷ್ಟೇ ಪ್ರಶ್ನೆ.

ನನಗೆ ನಿದ್ದೆ ಬಾರದ ರಾತ್ರಿಗಳಲ್ಲಿ ಈ ಪ್ರಶ್ನೆ ಎದುರು ಬಂದು ಕೂರುತ್ತದೆ. ಈಗ ಒಂದು ಸೈರನ್ ಕೂಗಿತು ಎಂದುಕೊಳ್ಳಿ. ಏನು ಮಾಡಬೇಕು? ಅಣೆಕಟ್ಟಿನ ನೀರು ಬಿಟ್ಟಿದ್ದಾರಾದರೆ ಮನೆ ಬಿಟ್ಟು ಎತ್ತರಕ್ಕೆ ಹೋಗಬೇಕು. ಗುಡ್ಡ ಜರಿಯುವ ಭಯವಾದರೆ ಎತ್ತರದ ಬುಡದಿಂದ ದೂರ ಹೋಗಬೇಕು. ಕ್ಲೋರಿನ್ ಸೋರಿದ್ದರೆ ಅದು ಗಾಳಿಗಿಂತ ಭಾರ, ನೆಲ ಹಿಡಿದು ಬರುತ್ತದೆ; ಮೂಗಿಗೆ ಒದ್ದೆ ಬಟ್ಟೆ ಹಿಡಿದು, ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ ಮೇಲಕ್ಕೆ ನಡೆಯಬೇಕು. ಕೈಗಾದ ವಿಷಯವಾದರೆ ತದ್ವಿರುದ್ಧ: ಓಡಬಾರದು, ಒಳಗೆ ಹೋಗಿ ಕಿಟಕಿ ಬಾಗಿಲು ಮುಚ್ಚಿ, ಅಯೋಡಿನ್ ಮಾತ್ರೆಯ ಮಾತು ಅಧಿಕಾರಿಗಳು ಹೇಳಿದಾಗ ಕೇಳಬೇಕು. (ಸ್ಥಾವರದ ಸುತ್ತ 16 ಕಿಲೋಮೀಟರಿನೊಳಗಿನ ಊರುಗಳಿಗೆ ಇದರ ಅಣಕು ಕಾರ್ಯಾಚರಣೆ ಆಗಾಗ ನಡೆಯುತ್ತದೆ. ಸ್ಥಾವರದ ಬೇಲಿಯ ಹೊರಗೆ ಜಿಲ್ಲಾಧಿಕಾರಿಗಳೇ ಯಜಮಾನರು.) ಭೂಕಂಪವಾದರೆ ಅಲುಗಾಟ ನಿಂತ ಮೇಲೆ ಹೊರಗೆ. ವಿಮಾನ ದಾಳಿಯಾದರೆ ಒಳಗೆ, ಅದೂ ದೀಪ ಆರಿಸಿ. ಇನ್ನು ಸುನಾಮಿಯಾದರೆ ಮತ್ತೆ ಗುಡ್ಡ. ಇಷ್ಟೂ ಯೋಚಿಸಿ ಒಂದು ನಿರ್ಧಾರಕ್ಕೆ ಬರುವಷ್ಟರಲ್ಲಿ ನನ್ನಂಥವನು ಪಂಚೆ ಹುಡುಕುತ್ತ ಹೊಸ್ತಿಲ ಮೇಲೆ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತಿರುತ್ತಾನೆ.

2025ರ ಮೇ 7ರ ನಾಗರಿಕ ರಕ್ಷಣಾ ತಾಲೀಮಿಗೆ ಕರ್ನಾಟಕದಲ್ಲಿ ಬೆಂಗಳೂರು, ರಾಯಚೂರಿನ ಜೊತೆ ಕಾರವಾರದ ಹೆಸರೂ ಇತ್ತು. ಏರಿಳಿಯುತ್ತ ಕೂಗಿದರೆ ಅಪಾಯ, ಒಂದೇ ಸಮನೆ ಕೂಗಿದರೆ ಅಪಾಯ ಕಳೆಯಿತು ಎಂದು ಪತ್ರಿಕೆ, ಟೀವಿ ಎಲ್ಲ ಕಡೆ ಹೇಳಿದರು. ಒಳ್ಳೆಯ ಪಾಠ. ಆದರೆ ನಮ್ಮಲ್ಲಿ ಸೈರನ್ ಕೇಳಿದರೆ ಮೊದಲು ಮನೆಯಿಂದ ಹೊರಗೆ ಬರುವುದು, ಪಕ್ಕದವರೂ ಬಂದರಾ ನೋಡುವುದು, ಆಮೇಲೆ ‘ಎಂತದ್ರಾ ಅದು?’ ಎಂದು ಕೇಳುವುದು ವಾಡಿಕೆ. ಪಕ್ಕದವರು ಹೆದರಿದ್ದಾರೆ ಎಂದು ಖಾತ್ರಿಯಾದ ಮೇಲೆಯೇ ನಾವು ಹೆದರುವುದು. ಶಾಸ್ತ್ರಜ್ಞರು ಇದಕ್ಕೆ ಏನಾದರೂ ಹೆಸರಿಡಲಿ, ನನಗಂತೂ ಇದು ಅರ್ಥವಾಗುವ ನಡವಳಿಕೆ. ದನಿ ಎಬ್ಬಿಸುತ್ತದೆ ಅಷ್ಟೆ, ಎದ್ದು ಯಾವ ಕಡೆ ಹೋಗಬೇಕೆಂದು ಹೇಳುವುದಿಲ್ಲ.

ಈ ವಿಷಯದಲ್ಲಿ ಬಂದರಿನವರು ನಮಗಿಂತ ನೂರೈವತ್ತು ವರ್ಷ ಮುಂದಿದ್ದಾರೆ. 1865ರಲ್ಲಿ ಕಲ್ಕತ್ತೆ ಬಂದರಿನಿಂದ ಶುರುವಾದ ಬಿರುಗಾಳಿಯ ಸಂಕೇತಗಳು ಈಗಲೂ ನಡೆದಿವೆ. ಹಗಲಿಗೆ ಕಂಬದ ಮೇಲೆ ಶಂಕುವಿನಾಕಾರ, ಕೊಳವೆಯಾಕಾರದ ಗುರುತು, ರಾತ್ರಿಗೆ ಕೆಂಪು ಬಿಳಿ ದೀಪ. ಒಂದರಿಂದ ಹನ್ನೊಂದರ ತನಕ ನಂಬರು. ‘ಮೂರನೇ ನಂಬರ್ ಏರಿಸಿದ್ರಂತೆ’ ಎಂದರೆ ಸಾಕು, ನಮ್ಮ ನೆರೆಯ ತಾಂಡೇಲ ಹೆಚ್ಚು ಕೇಳುವುದಿಲ್ಲ. ದೋಣಿ ಮೇಲೆಳೆಯಲು ಜನ ಕರೆಯುತ್ತಾನೆ. 2021ರ ಮೇ ತಿಂಗಳಲ್ಲಿ ತೌತೆ ಚಂಡಮಾರುತ ಬಂದಾಗಲೂ ಅಷ್ಟೇ, 2019ರ ಅಕ್ಟೋಬರಿನಲ್ಲಿ ಕ್ಯಾರ್ ಬಂದಾಗಲೂ ಅಷ್ಟೇ. ಗಾಳಿ ಎದ್ದರೆ ಗೋವಾ, ಮಲ್ಪೆ, ಕೇರಳದ ಬೋಟುಗಳೂ ಕಾರವಾರದ ಬಂದರಿಗೆ ಬಂದು ಲಂಗರು ಹಾಕುತ್ತವೆ.

ಆ ಹನ್ನೊಂದರಲ್ಲಿ ನನಗೆ ಬಹಳ ಹಿಡಿಸಿದ್ದು ಕೊನೆಯದು. ಹನ್ನೊಂದನೇ ಸಂಕೇತದ ಅರ್ಥ, ಹವಾಮಾನ ಕಚೇರಿಯ ಸಂಪರ್ಕವೇ ಕಡಿದುಹೋಗಿದೆ, ಆದರೂ ಗಾಳಿ ಕೆಡುವ ಲಕ್ಷಣ ಇಲ್ಲಿನ ಅಧಿಕಾರಿಗೆ ಕಾಣುತ್ತಿದೆ. ಸುದ್ದಿ ಬರುತ್ತಿಲ್ಲ ಎಂಬುದನ್ನೇ ಸುದ್ದಿ ಮಾಡಿ ಕಂಬಕ್ಕೇರಿಸುವ ಈ ಸಜ್ಜನಿಕೆ ಉಳಿದ ಕಚೇರಿಗಳಿಗೂ ಬಂದರೆ ಎಷ್ಟು ಚೆನ್ನ. ಗಾಳಿಮಳೆಗೆ ಕರೆಂಟು ಹೋದ ರಾತ್ರಿ, ಫೋನು ಎತ್ತದ ಯಾವುದೋ ಕಚೇರಿಗೆ ಕರೆ ಮಾಡುತ್ತ ಕೂತಾಗೆಲ್ಲ ನನಗೆ ಹನ್ನೊಂದನೇ ನಂಬರು ನೆನಪಾಗುತ್ತದೆ.

ಈಗಿನ ಮಕ್ಕಳಿಗೆ ನಂಬರು ಬೇಡ, ಬಣ್ಣ ಗೊತ್ತು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಹಳದಿ ಎಂದರೆ ಗಮನವಿರಲಿ, ಕಿತ್ತಳೆ ಎಂದರೆ ಸಿದ್ಧವಾಗಿರಿ, ಕೆಂಪು ಎಂದರೆ ಕೆಲಸಕ್ಕಿಳಿಯಿರಿ. ಮಕ್ಕಳ ಲೆಕ್ಕದಲ್ಲಿ ಹಳದಿ ಎಂದರೆ ಶಾಲೆ ಇದೆ, ಕಿತ್ತಳೆ ಎಂದರೆ ಹರಕೆ ಹೊರಬೇಕು, ಕೆಂಪು ಎಂದರೆ ರಜೆ. ಜುಲೈ ತಿಂಗಳಲ್ಲಿ ಜಿಲ್ಲಾಧಿಕಾರಿಗಳ ರಜೆ ಆದೇಶ ಹೊರಟ ಎರಡು ನಿಮಿಷಕ್ಕೆ ಜೋಯಿಡಾದ ಕಾಡಿನಿಂದ ಭಟ್ಕಳದ ತನಕ ಗೊತ್ತಾಗದ ಮಗುವಿಲ್ಲ. ಆದೇಶ ಹೊರಡದಿದ್ದರೂ ಗೊತ್ತಾಗುತ್ತದೆ: ಹೋದ ವರ್ಷದ ಆದೇಶಕ್ಕೆ ತಾರೀಕು ತಿದ್ದಿ ವಾಟ್ಸಾಪಿನಲ್ಲಿ ಬಿಡುವ ಪುಣ್ಯಾತ್ಮರಿದ್ದಾರೆ, ಅದು ಸುಳ್ಳು ಎಂದು ಸಾರಲು ಜಿಲ್ಲಾಡಳಿತ ಮತ್ತೊಂದು ಪ್ರಕಟಣೆ ಹೊರಡಿಸಬೇಕು. ಬೇಲೆಗೆ ಬಂಗಡೆ ಬಿದ್ದಿದೆ ಎಂಬ ಸುದ್ದಿಯೂ ಹೀಗೇ. ಯಾರು ಹೇಳಿದರು, ಯಾವ ಟವರಿನಿಂದ ಬಂತು ಎಂದು ಯಾರೂ ಕೇಳುವುದಿಲ್ಲ, ಚೀಲ ಹಿಡಿದು ಓಡುತ್ತಾರೆ. ಕೇಳಿದವನಿಗೆ ತಾನು ಮಾಡಬೇಕಾದ್ದೇನು ಎಂದು ಮೊದಲೇ ಗೊತ್ತಿರುತ್ತದೆ, ಅದರ ಗುಟ್ಟು ಅಷ್ಟೇ.

ಕೂಗುವುದಕ್ಕಿಂತ ಕೂಗು ನಿಲ್ಲಿಸುವುದು ಕಷ್ಟ ಎಂಬುದನ್ನು ಅಮೆರಿಕದ ಹವಾಯಿಯವರು ಕಲಿತರು. 2018ರ ಜನವರಿ 13ರ ಬೆಳಿಗ್ಗೆ, ಕ್ಷಿಪಣಿ ಬರುತ್ತಿದೆ, ಅಡಗಿಕೊಳ್ಳಿ, ಇದು ತಾಲೀಮಲ್ಲ ಎಂಬ ಎಚ್ಚರಿಕೆ ದ್ವೀಪದವರೆಲ್ಲರ ಫೋನಿಗೆ ಹೋಯಿತು. ಕ್ಷಿಪಣಿ ಇರಲೇ ಇಲ್ಲ. ಅದು ಸುಳ್ಳು ಎಂಬ ಸಂದೇಶ ಫೋನುಗಳಿಗೆ ಬರಲು ಹಿಡಿದದ್ದು 38 ನಿಮಿಷ. ಗವರ್ನರ್ ಡೇವಿಡ್ ಇಗೆ ಅವರಿಗೆ ನಿಜ ಬೇಗನೇ ಗೊತ್ತಾಗಿತ್ತು, ಟ್ವಿಟರಿನಲ್ಲಿ ಹೇಳೋಣವೆಂದರೆ ತಮ್ಮ ಪಾಸ್‌ವರ್ಡೇ ಗೊತ್ತಿರಲಿಲ್ಲ. ಇದನ್ನು ಓದಿದಂದಿನಿಂದ ಆ ಮನುಷ್ಯನ ಮೇಲೆ ನನಗೊಂದು ಬಂಧುಭಾವ. ಬ್ಯಾಂಕಿನ ಪಾಸ್‌ವರ್ಡು ಬರೆದಿಟ್ಟ ಚೀಟಿಯನ್ನು ನಾನೂ ಎಲ್ಲಿ ಇಟ್ಟಿದ್ದೇನೋ.

ನಗು ಇಷ್ಟಕ್ಕೆ ಸಾಕು. 2009ರ ಅಕ್ಟೋಬರ್ 2ರಂದು ಕಡವಾಡದ ಝರಿವಾಡದಲ್ಲಿ ಗುಡ್ಡ ಕುಸಿದು 19 ಜನ ಮಣ್ಣಿನಡಿ ಸತ್ತಾಗ ಯಾವ ಸೈರನ್ನೂ ಕೂಗಲಿಲ್ಲ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಗೆ ಬಂದಾಗಲೂ ಅಷ್ಟೇ. ಚಹಾದಂಗಡಿ ಹೋಯಿತು, ಲಾರಿ ಹೋಯಿತು, ಗಂಗಾವಳಿಗೆ ಬಿದ್ದ ಮಣ್ಣಿನ ಹೊಡೆತಕ್ಕೆ ಎದ್ದ ನೀರು ಆಚೆ ದಂಡೆಯ ಉಳುವರೆಯ ಮನೆಗಳನ್ನೂ ಬಿಡಲಿಲ್ಲ. ನದಿಯೊಳಗಿನ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಶಿರೂರಿನ ಗುಡ್ಡ ಕುಸಿದು ತಿಂಗಳು ತುಂಬುವ ಮೊದಲೇ, ಆಗಸ್ಟ್ 7ರ ನಡುರಾತ್ರಿ, ಕಾರವಾರ–ಸದಾಶಿವಗಡದ ಹಳೆಯ ಕಾಳಿ ಸೇತುವೆ ಕುಸಿಯಿತು. ನದಿಗೆ ಬಿದ್ದ ಲಾರಿಯ ಚಾಲಕನನ್ನು ಉಳಿಸಿದ್ದರಲ್ಲಿ ಮೀನುಗಾರರ ಕೈ ಇತ್ತು. ಗುಡ್ಡಕ್ಕೂ ಸೇತುವೆಗೂ ಮಾತು ಬರುವುದಿಲ್ಲ, ಅವುಗಳ ಪರವಾಗಿ ಯಾರಾದರೂ ನೋಡುತ್ತಿರಬೇಕು. ಕೊಂಕಣ ರೈಲಿನವರು ಇದನ್ನು ಬಲ್ಲರು. ಮಳೆಗಾಲ ಬಂತೆಂದರೆ ಹಗಲೂ ರಾತ್ರಿ ಹಳಿಯ ಮೇಲೆ ಕಾವಲುಗಾರರನ್ನು ನಡೆಸುತ್ತಾರೆ, ಮಳೆ ವಿಪರೀತವಾದರೆ ಗಾಡಿಯ ವೇಗವನ್ನು 40 ಕಿಲೋಮೀಟರಿಗೆ ಇಳಿಸುತ್ತಾರೆ. ಕೊಡೆ ಹಿಡಿದು ನಡೆಯುವ ಆ ಮನುಷ್ಯ ಯಾವ ಆ್ಯಪಿಗೂ ಕಡಿಮೆಯಲ್ಲ.

ಕಾಳಿ ದಂಡೆಯ ಕತೆ ಸ್ವಲ್ಪ ವಾಸಿ. ಕದ್ರಾ ಅಣೆಕಟ್ಟು ತುಂಬುತ್ತ ಬಂದರೆ ವಿದ್ಯುತ್ ನಿಗಮದವರು ಮುನ್ಸೂಚನೆ ಹೊರಡಿಸುತ್ತಾರೆ, ನೀರು ಬಿಡುವ ಮುಂಚೆ ಸೈರನ್ ಕೂಗಿಸುತ್ತಾರೆ, ಮೈಕು ಕಟ್ಟಿದ ಗಾಡಿ ಊರೂರು ತಿರುಗುತ್ತದೆ. 2019ರ ಆಗಸ್ಟಿನಲ್ಲಿ ಗೇಟು ಎತ್ತಿದಾಗ ಕೆಳಗಿನ ಊರುಗಳು ಮುಳುಗಿದವು, ಜನ ಕಾಳಜಿ ಕೇಂದ್ರ ಸೇರಿದರು. ಆದರೆ ಮೈಕು ಕೇಳಿದ ಕೂಡಲೇ ಯಾರು ಮನೆ ಬಿಡುತ್ತಾರೆ? ಎಮ್ಮೆ ಇದೆ, ಅಕ್ಕಿ ಮೂಟೆ ಇದೆ, ಹೋದ ಸಲ ಹೇಳಿದಷ್ಟು ನೀರು ಬಂದಿರಲಿಲ್ಲ ಎಂಬ ವಾದ ಇದೆ. ಅಂಥವರನ್ನು ಎಬ್ಬಿಸುವುದು ಹೆಸರು ಹಿಡಿದು ಕರೆಯುವ ಗಂಟಲು. ಪಂಚಾಯ್ತಿಯ ಮೆಂಬರೋ, ಆಶಾ ಕಾರ್ಯಕರ್ತೆಯೋ, ದೋಣಿ ಇಟ್ಟ ಪಕ್ಕದ ಮನೆಯವನೋ ಬಾಗಿಲಿಗೆ ಬಂದು, ‘ಅಕ್ಕೋರೇ, ಎಮ್ಮೆ ಹಗ್ಗ ನಾ ಹಿಡ್ಕೊಳ್ತೆ, ನೀವು ಹೊರಡಿ’ ಎಂದರೆ ಹೊರಡುತ್ತಾರೆ. ಸರಕಾರದವರು ಟವರಿಗೆ ಖರ್ಚು ಮಾಡಿದ್ದು ಸರಿಯೇ, ಈ ಗಂಟಲುಗಳಿಗೂ ಒಂದಿಷ್ಟು ಮಾಡಲಿ. ತುರ್ತು ಸಂದೇಶ ಬರೆಯುವವರು ಊರಿನ ಹೆಸರು, ಹೋಗಬೇಕಾದ ಜಾಗ, ಬಿಡುವಾಗಿ ಕೂತು ಓದಬೇಕಿಲ್ಲದಷ್ಟು ಸಣ್ಣ ಕನ್ನಡ, ಇಷ್ಟು ಕೊಟ್ಟರೆ ಸಾಕು. ಕೊಂಕಣಿಯಲ್ಲಿ ಅದನ್ನು ಹೇಳಿಕೊಳ್ಳುವ ಕೆಲಸ ನಾವು ನೋಡಿಕೊಳ್ಳುತ್ತೇವೆ.

ಓದುಗರಲ್ಲಿ ನನ್ನದೊಂದು ವಿನಂತಿ. ಬೆಚ್ಚಿಬಿದ್ದ ಸಿಟ್ಟಿಗೆ ಎಷ್ಟೋ ಜನ ಫೋನಿನಲ್ಲಿ ಈ ಎಚ್ಚರಿಕೆಯನ್ನೇ ಆರಿಸಿಟ್ಟಿದ್ದಾರೆ. ಸೆಟ್ಟಿಂಗ್ಸಿನಲ್ಲಿ ‘ವೈರ್‌ಲೆಸ್ ಎಮರ್ಜೆನ್ಸಿ ಅಲರ್ಟ್ಸ್’ ಎಂದು ಹುಡುಕಿ, ಆರಿದ್ದರೆ ಹಚ್ಚಿಡಿ. ಕೀಪ್ಯಾಡ್ ಫೋನಿನ ಹಿರಿಯರು ಪಕ್ಕದ ಮನೆಯಲ್ಲಿದ್ದರೆ ಸಂದೇಶ ಬಂದಾಗ ಹೋಗಿ ಓದಿ ಹೇಳಿ. ಜಿಲ್ಲಾ ತುರ್ತು ನಿಯಂತ್ರಣ ಕೊಠಡಿಯ ನಂಬರು 1077, ಹಗಲೂ ರಾತ್ರಿ ಯಾರಾದರೂ ಇರುತ್ತಾರೆ. ನೀರು ನುಗ್ಗಿದರೆ, ಗುಡ್ಡ ಬಿರಿದರೆ, ಮರ ಬಿದ್ದರೆ ಸಂಕೋಚವಿಲ್ಲದೆ ಕರೆ ಮಾಡಿ. ನಾಳೆ ಶಾಲೆಗೆ ರಜೆ ಇದೆಯಾ ಎಂದು ಕೇಳಲು ಮಾತ್ರ ಮಾಡಬೇಡಿ.